ಬಹುಮತದ ಎಲ್ಮ್

ನಮ್ಮ ಭಾವ ಓರಿನ್ ಅವರಿಗೆ ಮರಗಳ ಬಗ್ಗೆ ಗೊತ್ತಿದ್ದದ್ದು ಒಂದೇ, ಅವುಗಳಿಗೆ ಮೊಳೆ ಹೊಡೆಯಬಹುದು ಎಂಬುದು. ಅದೂ ಕಸುಬಿನಿಂದ ಬಂದ ಜ್ಞಾನ. ಸ್ಟಿಲ್‌ಫೋರ್ಡಿನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆ, ಬಣ್ಣ ಮತ್ತು ಪರದೆ ಕಂಬಿಗಳನ್ನು ಮಾರಿ ನಮ್ಮ ಅಕ್ಕ ಲೋರ್ನಾಳ ಸಂಸಾರ ತೂಗಿಸುತ್ತಿದ್ದ ಸಜ್ಜನ ಅವರು. ಇಂಥವರನ್ನು ಊರು ತನ್ನ ಮರಪಾಲಕನನ್ನಾಗಿ ಆರಿಸಿತು. ಬೇರೆ ಊರುಗಳಲ್ಲಿ ಇಂಥ ಅನಾಹುತಕ್ಕೆ ಯುದ್ಧವೋ ಕ್ಷಾಮವೋ ಕಾರಣವಾಗುತ್ತದೆ. ನಮ್ಮಲ್ಲಿ ಒಂದು ಊಟದ ಮೇಜು ಸಾಕಾಯಿತು.

ವರ್ಮಾಂಟಿನ ನಮ್ಮ ಕಡೆ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿಗೆ ಊರೇ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತದೆ. ರಸ್ತೆಗೆ ಎಷ್ಟು ಜಲ್ಲಿ, ಶಾಲೆಗೆ ಹೊಸ ಮಾಡು ಬೇಕೋ ಬೇಡವೋ, ಎಲ್ಲವೂ ಅಲ್ಲಿ ‘ಹೌದು’, ‘ಇಲ್ಲ’ ಎಂದು ಕೂಗಿಯೇ ತೀರ್ಮಾನವಾಗಬೇಕು. ಪದವಿಗಳನ್ನು ಹಂಚುವುದೂ ಹಾಗೆಯೇ. ಬೇಲಿ ನೋಡುವವನೊಬ್ಬ, ಕಲ್ಲಿದ್ದಲು ತೂಗುವವನೊಬ್ಬ. ಊರಿನಲ್ಲಿ ಕಲ್ಲಿದ್ದಲು ಉರಿಸುವವರು ಯಾರೂ ಇಲ್ಲದಿದ್ದರೂ ತೂಗುವವನು ಇರಲೇಬೇಕು. ಆದರೆ ಮರಪಾಲಕನ ಸ್ಥಾನ ಮಾತ್ರ ಹಲವು ವರ್ಷಗಳಿಂದ ಖಾಲಿ ಬಿದ್ದಿತ್ತು. ಸಭಾಪತಿ ಹಾರ್ಲನ್ ಗಾಸ್ ಆ ಹೆಸರು ಓದಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಯಾಕೆಂದರೆ ಹಿಂದಿನ ಮರಪಾಲಕ, ನಮ್ಮಪ್ಪ ಆಲ್ವಾ, ಹಿಂದಿನ ಬೆಂಚಿನಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ.

ಈ ಕಥೆ ಅರ್ಥವಾಗಬೇಕಾದರೆ ಎಲ್ಮ್ ಬೀದಿಯ ವಿಷಯ ಹೇಳಬೇಕು. ನಾನು ಹುಡುಗನಾಗಿದ್ದಾಗ ಆ ಬೀದಿಯ ಎರಡೂ ಬದಿಗೆ ಎಲ್ಮ್ ಮರಗಳಿದ್ದವು. ಮೇಲೆ ಹೋಗಿ ಒಂದಕ್ಕೊಂದು ಕೈ ಕೊಟ್ಟುಕೊಂಡು ನಿಂತಿದ್ದವು. ಜುಲೈ ತಿಂಗಳ ನಡುಮಧ್ಯಾಹ್ನ ಕ್ಷೌರದಂಗಡಿಯವನು ದೀಪ ಹಾಕಿಕೊಂಡು ಗಡ್ಡ ಕೆರೆಯುತ್ತಿದ್ದ. ಕೊಂಬೆಗಳ ತುದಿಯಲ್ಲಿ ಓರಿಯೋಲ್ ಹಕ್ಕಿಯ ಗೂಡುಗಳು ಕಾಲುಚೀಲದ ಹಾಗೆ ಜೋತಾಡುತ್ತಿದ್ದವು. ಮೆರವಣಿಗೆ ಆ ನೆರಳಿನೊಳಗೆ ಹೊಕ್ಕಿತೆಂದರೆ ಬ್ಯಾಂಡಿನ ಸದ್ದೇ ಬೇರೆಯಾಗುತ್ತಿತ್ತು. ಮೇ ಕೊನೆಗೆ ತೆಳ್ಳನೆಯ ಬಿಲ್ಲೆಯಂಥ ಬೀಜಗಳು ಗಾಳಿಗೆ ತಿರುಗುತ್ತಾ ಬಂದು ಐಸ್ ಕ್ರೀಮಿನ ಮೇಲೆ ಕೂರುತ್ತಿದ್ದವು, ನಾವು ಅವನ್ನೂ ಸೇರಿಸಿ ನೆಕ್ಕುತ್ತಿದ್ದೆವು. ಈಗ ನೆನೆಸಿಕೊಂಡರೂ ನಾಲಿಗೆಗೆ ಆ ಬೀಜದ ಒರಟು ಸಿಕ್ಕಿದ ಹಾಗಾಗುತ್ತದೆ.

ಆಮೇಲೆ ಎಲ್ಮ್ ರೋಗ ಬಂತು. ಒಂದು ಜೀರುಂಡೆ ಅದನ್ನು ಮರದಿಂದ ಮರಕ್ಕೆ ಹೊತ್ತು ತಿರುಗಿತು. ಜೂನ್ ತಿಂಗಳಲ್ಲೇ ಎಲೆ ಹಳದಿಯಾಗಿ ಸುರುಟಿಕೊಂಡರೆ ಆ ಮರದ ಕಥೆ ಮುಗಿಯಿತು. ಕಡಿದು ಸುಡಬೇಕು, ಇಲ್ಲದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ. ಯಾವ ಮರ ಕಡಿಯಬೇಕೆಂದು ಬಿಳಿ ಬಣ್ಣದ ಗುರುತು ಹಾಕುವುದು ಮರಪಾಲಕನ ಕೆಲಸ. ಅಪ್ಪ ಡಬ್ಬಿ, ಕುಂಚ ಹಿಡಿದು ಬೀದಿಗೆ ಬಂದರೆ ಹೆಂಗಸರು ಬಾಗಿಲಿಗೆ ಬಂದು ಇನ್ನೊಂದು ವರ್ಷ ಬಿಡಪ್ಪ ಎಂದು ಗೋಗರೆಯುತ್ತಿದ್ದರು. ಕೆಲವರು ಮಾತು ಬಿಟ್ಟರು. ನೂರಕ್ಕೂ ಮಿಕ್ಕಿದ ಮರಗಳಿಗೆ ಗುರುತು ಹಾಕಿ, ಕೊನೆಯದು ಉರುಳಿದ ದಿನ ಅಪ್ಪ ಡಬ್ಬಿಯನ್ನು ಊರ ಮಂಡಳಿಯ ಮೇಜಿನ ಮೇಲೆ ಇಟ್ಟು ಬಂದುಬಿಟ್ಟ. ಅಲ್ಲಿಂದಾಚೆಗೆ ಎಲ್ಮ್ ಬೀದಿಗೆ ಕಾಲಿಡಲಿಲ್ಲ. ಚರ್ಚಿಗೂ ಗುಡ್ಡದ ಹಿಂದಿನ ಕೆಸರು ದಾರಿಯಲ್ಲೇ ಸುತ್ತಿಕೊಂಡು ಹೋಗುತ್ತಿದ್ದ. ಜೊತೆಗಿದ್ದ ನನ್ನ ಬೂಟುಗಳೂ ಆ ದುಃಖದಲ್ಲಿ ಪಾಲುಗೊಂಡವು.

ಮರ ಹೋದ ಮೇಲೆ ಬೀದಿಯ ಮನೆಗಳ ಪಡಸಾಲೆಗೆಲ್ಲ ಬಿಸಿಲು ನುಗ್ಗಿತು. ಎಲ್ಲರೂ ಪರದೆ ಹಾಕಿಸಿದರು. ಪರದೆಗೆ ಕಂಬಿ ಬೇಕಲ್ಲ? ಒಂದು ಭಾನುವಾರದ ಊಟಕ್ಕೆ ಕೂತಾಗ ನಮ್ಮ ಭಾವ ಬಲು ಸಂತೋಷದಿಂದ, “ಮಾವ, ನಿಮ್ಮ ದಯೆಯಿಂದ ಕಂಬಿಗಳು ಬಿಸಿ ದೋಸೆ ಹಾಗೆ ಖರ್ಚಾಗ್ತಿವೆ” ಎಂದರು. ದೋಸೆ ಎಂಬುದು ನನ್ನ ಅನುವಾದ. ಅವರು ಹೇಳಿದ ತಿಂಡಿ ಬೇರೆ. ಅಪ್ಪ ಮುಳ್ಳುಚಮಚ ಕೆಳಗಿಟ್ಟ. ಆ ದಿನದಿಂದ ಅಳಿಯನ ಜೊತೆ ಅಪ್ಪನ ಸಂಭಾಷಣೆ “ಉಪ್ಪು ಕೊಡು” ಎಂಬುದಕ್ಕೆ ಇಳಿಯಿತು. ಭಾವ ಪಾಪ, ಪ್ರತಿ ಭಾನುವಾರ ಉಪ್ಪಿನ ಕುಪ್ಪಿ ತಮ್ಮ ಬಳಿಯೇ ಇರುವಂತೆ ನೋಡಿಕೊಂಡು ಕೂರುತ್ತಿದ್ದರು. ಆ ಎರಡು ಮಾತಾದರೂ ತಪ್ಪಬಾರದಲ್ಲ.

ಇನ್ನು ಮೇಜಿನ ವಿಷಯ. ಆ ವರ್ಷದ ಮಾರ್ಚ್ ಸಭೆಯಲ್ಲಿ ಮಧ್ಯಾಹ್ನ ಬೀನ್ಸ್ ಕಾಳು ಬೇಯಿಸಿದ್ದು, ಕಂದು ಬ್ರೆಡ್ಡು, ಸೇಬಿನ ಪೈ ಎಲ್ಲ ಮುಗಿದ ಮೇಲೆ ಭಾವ ಮೇಜನ್ನು ಬೆರಳಿನಿಂದ ಕುಟ್ಟಿ, ತಲೆ ಓರೆ ಮಾಡಿ, “ಕಪ್ಪು ಚೆರಿ ಮರ. ಎಳೆ ನೋಡಿದ್ರೇ ಗೊತ್ತಾಗುತ್ತೆ” ಎಂದರು. ಬಿದ್ದ ಚಮಚ ಎತ್ತಲು ಬಗ್ಗಿದಾಗ ಮೇಜಿನ ಅಡಿಯಲ್ಲಿ ಅಂಟಿಸಿದ್ದ ಚೀಟಿಯನ್ನು ಅವರು ಓದಿದ್ದನ್ನು ನಾನೊಬ್ಬನೇ ನೋಡಿದ್ದೆ. ಎದುರಿಗೆ ಕೂತಿದ್ದವನು ಡೆಲ್ಬರ್ಟ್ ಕಶ್ಮನ್, ದನದ ಮೇವಿನ ವ್ಯಾಪಾರಿ, ಜಿಪುಣತನದಲ್ಲಿ ಊರಿನಲ್ಲೇ ಎತ್ತಿದ ಕೈ. ಊಟದ ನಂತರ ಹಾರ್ಲನ್ “ಮರಪಾಲಕ” ಎಂದು ಓದಿದ, ಎಲ್ಲರೂ ಬೂಟು ನೋಡಿಕೊಂಡು ಕೂತರು.

“ಅಯ್ಯೋ, ಹೀಟರಿಗೆ ಸುಮ್ನೆ ಎಣ್ಣೆ ಉರೀತಿದೆ ಕಣ್ರೀ!” ಎಂದ ಡೆಲ್ಬರ್ಟ್. “ಓರಿನ್ನನ್ನೇ ಮಾಡಿ. ಅವನು ಸತ್ತ ಮರಾನೇ ಗುರುತು ಹಿಡೀತಾನೆ, ಇನ್ನು ಬದುಕಿರೋದು ಯಾವ ಲೆಕ್ಕ?”

“ಒಪ್ಪೋರು ಹೌದು ಅನ್ನಿ.”

ಎಲ್ಲರೂ ಹೌದು ಎಂದರು. ಭಾವ ಬೇಡವೆನ್ನಲು ಎದ್ದವರು, ಮಾವನ ಮುಖ ಕಂಡು, ಎದ್ದ ತಪ್ಪಿಗೆ ವಂದನೆ ಹೇಳಿ ಕೂತರು.

ಪದವಿ ಬಂದ ಮೇಲೆ ನಡಿಗೆ ಬದಲಾಗದೆ ಇರುತ್ತದೆಯೇ? ಭಾವ ದಾರಿಯಲ್ಲಿ ಸಿಕ್ಕ ಮರಗಳನ್ನೆಲ್ಲ ತಟ್ಟುತ್ತಾ ಓಡಾಡತೊಡಗಿದರು. ಜನ ರೆಂಬೆ, ತೊಗಟೆ, ಒಣಗಿದ ಕಾಯಿ ತಂದು ಅಂಗಡಿಯ ಕಟ್ಟೆಯ ಮೇಲೆ ಇಡತೊಡಗಿದರು. ಭಾವ ಅದನ್ನು ಮೂಸಿ, ಬೆಳಕಿಗೆ ಹಿಡಿದು, “ನಿಮಗೇನು ಅನಿಸುತ್ತೆ?” ಎಂದು ಕೇಳುತ್ತಿದ್ದರು. ಬಂದವರು “ಓಕ್ ಇರಬಹುದಾ?” ಎಂದರೆ, “ಓಕ್‌ಗೆ ಸಂಬಂಧಿಕ” ಎನ್ನುತ್ತಿದ್ದರು. “ಮೇಪಲ್ಲಾ?” ಎಂದರೆ, “ಮೇಪಲ್‌ಗೆ ಸಂಬಂಧಿಕ.” ಹೀಗೆ ಒಂದೇ ತಿಂಗಳಲ್ಲಿ ಊರಿನ ಮರಗಳೆಲ್ಲ ನೆಂಟರಾದವು, ಯಾವುದಕ್ಕೂ ಹೆಸರು ಮಾತ್ರ ಸಿಗಲಿಲ್ಲ.

ಹಾಗೆಂದು ಅವರು ಕಲಿಯಲಿಲ್ಲವೆಂದಲ್ಲ. ಪಾಪ, ಕಷ್ಟಪಟ್ಟರು. ಬೀಚ್ ಮರದ ತೊಗಟೆ ಆನೆಯ ಕಾಲಿನಂತೆ ನುಣ್ಣಗೆ ಬೂದಿ ಬಣ್ಣ, ಹಿಕರಿಯದು ಉದ್ದುದ್ದ ಸಿಪ್ಪೆ ಎದ್ದು ಜೋತಿರುತ್ತದೆ, ಚೆರಿಯದು ಸೀದ ಹಪ್ಪಳದ ಚೂರುಗಳನ್ನು ಅಂಟಿಸಿದ ಹಾಗೆ ಎಂದು ಬಾಯಿಪಾಠ ಮಾಡಿದರು. ಮನೆಯಲ್ಲಿ ಎಲ್ಲೆಂದರಲ್ಲಿ ತೊಗಟೆ. ಲೋರ್ನಾ ಅಕ್ಕ ಒಂದು ದಿನ ಸೂಪಿನ ಬಟ್ಟಲಿನಿಂದ ಓಕ್ ಕಾಯಿಯ ಟೋಪಿಯೊಂದನ್ನು ತೆಗೆದು ಅವರ ತಟ್ಟೆಯ ಪಕ್ಕ ಇಟ್ಟು, “ಇದು ಯಾರ ಸಂಬಂಧಿಕ ಅಂತ ಹೇಳ್ಬಿಡಿ, ಅವರ ಮನೆಗೇ ಕಳಿಸ್ತೀನಿ” ಎಂದಳು.

ಏಪ್ರಿಲ್‌ನಲ್ಲಿ ಹಿಮ ಕರಗಿ ರಸ್ತೆಯೆಲ್ಲ ಕೆಸರಾದಾಗ ಪ್ರಸಂಗ ಶುರುವಾಯಿತು. ಎಲ್ಮ್ ಬೀದಿಯ ತಿರುವಿನಲ್ಲಿ ಮುಚ್ಚಿಹೋದ ಹಾಲಿನ ಡೈರಿಯೊಂದಿದೆ. ಅದರ ಮುಂದಿನ ಹಳೆಯ ಮಂಜುಗಡ್ಡೆ ಕೊಠಡಿ ಆ ಚಳಿಗಾಲದ ಹಿಮದ ಭಾರಕ್ಕೆ ಕುಸಿದಿತ್ತು. ಅದನ್ನು ಎತ್ತಿ ಹಾಕಿದಾಗ, ಹಿಂದೆ ಇಷ್ಟು ದಿನ ಯಾರೂ ಗಮನಿಸದ ದೊಡ್ಡ ಮರವೊಂದು ರಸ್ತೆಯತ್ತ ವಾಲಿಕೊಂಡು ನಿಂತಿದ್ದು ಕಂಡಿತು. ಎಲೆ ಇನ್ನೂ ಬಂದಿರಲಿಲ್ಲ. ರಸ್ತೆ ಮೇಸ್ತ್ರಿ ಮರ್ಲ್‌ಗೆ ಕೊಠಡಿ ಹೋದ ಜಾಗದಲ್ಲಿ ತಿರುವನ್ನು ನೆಟ್ಟಗೆ ಮಾಡಿ, ಹಿಮ ಗುಡಿಸುವ ಲಾರಿಯನ್ನು ಜೋರಾಗಿ ಓಡಿಸಬೇಕೆಂಬ ಆಸೆ. ಮರ ಅಡ್ಡ. ಕಡಿಯಲು ಮರಪಾಲಕನ ಒಪ್ಪಿಗೆ ಬೇಕು. ಭಾವನಿಗೆ ಕರೆ ಹೋಯಿತು. ಕೆಲಸವಿಲ್ಲದವರೂ ಕೆಲಸ ಬಿಟ್ಟವರೂ ಜೊತೆಗೆ ಸೇರಿದರು.

“ಯಾವ ಮರ ಇದು?” ಎಂದು ಕೇಳಿದ ಮರ್ಲ್. ಗರಗಸ ಆಗಲೇ ಕೈಯಲ್ಲಿತ್ತು.

ಭಾವ ತಟ್ಟಿದರು. ಮೂಸಿದರು. “ನಿನಗೇನು ಅನಿಸುತ್ತೆ?”

“ನನಗೇನೂ ಅನಿಸಲ್ಲ. ಮರಪಾಲಕ ನೀವು.”

ಭಾವನ ಹಣೆಯ ಮೇಲೆ ಬೆವರು. ದಾರಿ ಕಾಣದೆ ಸುತ್ತ ನೋಡಿದರು. ಮೂಲೆಯ ಕಂಬದ ಮೇಲೆ ಬೀದಿಯ ಹೆಸರಿನ ಹಸಿರು ಫಲಕವಿತ್ತು. ಅದರ ಮೇಲೆ ಕಣ್ಣು ಬಿತ್ತು. ಮುಳುಗುವವರಿಗೆ ಹಗ್ಗ ಸಿಕ್ಕಿದಂತಾಯಿತು.

“ಎಲ್ಮ್” ಎಂದರು.

ಮರ್ಲ್ ಗರಗಸ ಕೆಳಗಿಟ್ಟ. ಡೆಲ್ಬರ್ಟ್ ಟೋಪಿ ತೆಗೆದ. ಯಾರೋ “ಏನಂದ್ರಿ?” ಎಂದರು. ಭಾವನಿಗೆ ತಮ್ಮ ಮಾತಿನ ತೂಕ ತಿಳಿದದ್ದು ಆಗಲೇ. ಆದರೆ ಒಮ್ಮೆ ಹೇಳಿದ ಮಾತನ್ನು ಮರಪಾಲಕ ಹಿಂದೆ ತೆಗೆದುಕೊಳ್ಳುವುದು ಹೇಗೆ? “ಹೌದ್ರೀ, ಅಮೆರಿಕನ್ ಎಲ್ಮ್. ಮಂಜುಗಡ್ಡೆ ಕೊಠಡಿ ಮರೆಯಾಗಿತ್ತಲ್ಲ, ಜೀರುಂಡೆಗೆ ಕಾಣ್ಲಿಲ್ಲ” ಎಂದರು. ಇಷ್ಟು ಸೊಗಸಾದ ತರ್ಕವನ್ನು ಅಲ್ಲಗಳೆಯುವ ಮನಸ್ಸು ಯಾರಿಗೂ ಬರಲಿಲ್ಲ.

ಸಂಜೆಯೊಳಗೆ ಸುದ್ದಿ ಊರು ದಾಟಿತ್ತು. ಮರುದಿನದಿಂದ ಜನ ಬರತೊಡಗಿದರು. ಬೋಳು ಕೊಂಬೆಗಳ ಕೆಳಗೆ ಕೆಸರಿನಲ್ಲಿ ನಿಂತು, ತಲೆ ಎತ್ತಿ, ತಮ್ಮ ಅಜ್ಜಂದಿರ ಕಾಲದ ಸಂಗತಿಗಳನ್ನು ಹೇಳಿಕೊಂಡರು. ಆ ಮನೆಯ ಮುಂದಿನ ಮರಕ್ಕೆ ಜೋಕಾಲಿ ಕಟ್ಟಿದ್ದು, ಈ ಮನೆಯ ಮುಂದಿನದಕ್ಕೆ ಕುದುರೆ ಕಟ್ಟಿ ಮರೆತು ಹೋದದ್ದು. ಡೆಲ್ಬರ್ಟ್ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದು ಎಲ್ಮ್ ಬೀದಿಯ ನೆರಳಲ್ಲಂತೆ. ಬಿಸಿಲಿನಲ್ಲಿ ಕೇಳಿದ್ದರೆ ಧೈರ್ಯ ಬರುತ್ತಿರಲಿಲ್ಲವಂತೆ. ಅಷ್ಟು ಹೇಳಿದವನೇ ಎಲ್ಲರ ಎದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಕರವಸ್ತ್ರ ಒದ್ದೆಯಾದೀತೆಂದು ಅಂಗಿಯ ತೋಳಿನಲ್ಲೇ ಒರೆಸಿಕೊಂಡ. ಊರ ಮಂಡಳಿ ತುರ್ತುಸಭೆ ಸೇರಿಸಿ, ತಿರುವಿನ ಎಲ್ಮನ್ನು ಊರಿನ ಆಸ್ತಿಯಾಗಿ ಉಳಿಸತಕ್ಕದ್ದು ಎಂದು ಹೌದು ಹೇಳಿಸಿತು.

ಅಪ್ಪನಿಗೆ ಯಾರು ಹೇಳಬೇಕು? ನಾನೇ ಹೇಳಿದೆ. ಹಸುವಿನ ಕೆಚ್ಚಲಿನಿಂದ ತಲೆ ಎತ್ತದೆ ಕೇಳಿಸಿಕೊಂಡ. ಭಾನುವಾರ ಚರ್ಚಿಗೆ ಹೊರಟಾಗ, ಕವಲಿನಲ್ಲಿ ನಾನು ರೂಢಿಯಂತೆ ಕೆಸರು ದಾರಿಗೆ ತಿರುಗಿದೆ. ಅಪ್ಪ ನಿಂತ. “ಆ ಕಡೆ ಬೇಡ ವೆಂಡೆಲ್. ಈ ಕಡೆ ಹೋಗೋಣ” ಎಂದ. ಎಷ್ಟೋ ವರ್ಷಗಳ ಮೇಲೆ ನಮ್ಮಪ್ಪ ಎಲ್ಮ್ ಬೀದಿಗೆ ಕಾಲಿಟ್ಟ. ಜನ ಮುಂಬಾಗಿಲಿಗೆ ಬಂದು ನಿಂತರು. ಹಿಂದೆ ಮಾತು ಬಿಟ್ಟವರು “ನಮಸ್ಕಾರ ಆಲ್ವಾ” ಎಂದರು. ಅಪ್ಪ ಮರದ ಬಳಿ ಹೋಗಿ, ಕೈಗವಸು ತೆಗೆದು, ಅಂಗೈಯನ್ನು ತೊಗಟೆಯ ಮೇಲೆ ಇಟ್ಟು ನಿಂತ. ಭಾವನೂ ಅಲ್ಲೇ ಮರದ ಪಕ್ಕದಲ್ಲಿದ್ದರು. ಕೊನೆಗೆ ಅಪ್ಪ ಅವರ ಕಡೆ ತಿರುಗಿ, “ಮರ ಚೆನ್ನಾಗಿದೆ ಕಣಯ್ಯ ಓರಿನ್” ಎಂದ.

ಉಪ್ಪಿಲ್ಲದ ಮೊದಲ ಮಾತು! ಭಾವನ ಕಣ್ಣು ತುಂಬಿತು. ಅಂದಿನಿಂದ ಭಾನುವಾರದ ಊಟದಲ್ಲಿ ಮಾವ ಅಳಿಯ ಮಾತಾಡತೊಡಗಿದರು. ಅಪ್ಪ ನಗುತ್ತಿದ್ದ ಕೂಡ. ಒಮ್ಮೆ ಆಲೂಗೆಡ್ಡೆ ಬಡಿಸಿಕೊಳ್ಳುತ್ತಾ, “ಎಲೆ ಬರಲಿ, ಹಣ್ಣು ಬರಲಿ. ನೋಡುವಂತೆ” ಎಂದ. ಆಗ ನಾವು ಯಾರೂ ಆ ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎಲೆ ಬಂದಾಗ ಭಾವ ಕುಣಿದಾಡಿದರು. ಎಲ್ಮ್ ಎಲೆಯ ಗುರುತು ಅದರ ಬುಡ; ತೊಟ್ಟಿನ ಹತ್ತಿರ ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ, ಗುಂಡಿ ತಪ್ಪಾಗಿ ಹಾಕಿಕೊಂಡ ಅಂಗಿಯ ಹಾಗೆ. ಈ ಮರದ ಎಲೆಯ ಬುಡವೂ ಹಾಗೆಯೇ ಓರೆ. ತಾವು ಕಣ್ಣುಮುಚ್ಚಿ ಎಸೆದ ಕಲ್ಲು ಗುರಿಗೆ ತಾಗಿದೆ ಎಂದು ಅವರಿಗೆ ನಂಬಿಕೆಯೇ ಬಂತು. ಆದರೆ ತೊಗಟೆಯ ಮೇಲೆ ಗಂಟುಗಂಟು. ಡೆಲ್ಬರ್ಟ್ ಅದನ್ನು ಸವರಿ, “ಎಲ್ಮ್‌ಗೆ ಹೀಗೆ ಇರ್ತಿರ್ಲಿಲ್ಲ ಅಲ್ವಾ?” ಎಂದ.

“ವಯಸ್ಸಾದ್ರೆ ನರೂಲಿ ಯಾರಿಗೆ ಬರಲ್ಲ ಡೆಲ್ಬರ್ಟ್?” ಎಂದರು ಭಾವ, ಅವನ ಮೂಗನ್ನೇ ನೋಡುತ್ತಾ. ಡೆಲ್ಬರ್ಟ್ ಮೂಗು ಮುಟ್ಟಿಕೊಂಡ.

ಮೇ ಕಳೆಯಿತು, ಬಿಲ್ಲೆ ಬೀಜ ಉದುರಲಿಲ್ಲ. “ಈ ವರ್ಷ ಸುಸ್ತಾಗಿದೆ” ಎಂದರು ಭಾವ. ಆಗಸ್ಟ್ ಬಂತು. ಆಗಸ್ಟಿನಲ್ಲಿ ನಮ್ಮಲ್ಲಿ ಊರು ಬಿಟ್ಟವರೆಲ್ಲ ಒಂದು ದಿನ ಊರಿಗೆ ಮರಳುವ ಹಬ್ಬವಿದೆ. ಆ ಸಲದ ಹಬ್ಬದೂಟ ಎಲ್ಮ್ ಕೆಳಗೇ ಎಂದು ತೀರ್ಮಾನವಾಗಿತ್ತು. ಅದಕ್ಕೆ ಒಂದು ವಾರವಿರುವಾಗ ಭಾವ ನಮ್ಮ ಕೊಟ್ಟಿಗೆಗೆ ಓಡಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

“ವೆಂಡೆಲ್, ಎಲ್ಮ್ ಮರ ಬಟಾಣಿ ಬಿಡುತ್ತೇನಯ್ಯಾ?”

ಅಂಗೈ ಬಿಚ್ಚಿದರು. ಉದ್ದ ತೊಟ್ಟಿನ, ಹಸಿರು ಬಟಾಣಿಯಂಥ ಕಾಯಿಗಳು. ಆ ಮಧ್ಯಾಹ್ನವೇ ಅವರು ಪಕ್ಕದ ಜಿಲ್ಲೆಯ ಸಸಿ ಮಾರುವವನಿಗೆ ಫೋನು ಮಾಡಿ, ತಮ್ಮ ಸ್ನೇಹಿತನ ಮನೆಯಲ್ಲಿ ಹೀಗೊಂದು ಮರವಿದೆ ಎಂದು ಎಲೆ, ತೊಗಟೆ, ಕಾಯಿ ಮೂರನ್ನೂ ವರ್ಣಿಸಿದರು. ಅವನು ಮಾತು ಮುಗಿಯುವ ಮೊದಲೇ ಹೇಳಿದ: ಹ್ಯಾಕ್‌ಬೆರಿ. ನಮ್ಮ ಕಡೆ ಅಪರೂಪ, ನದಿ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು. ಅದನ್ನು ಹಾಡಿ ಹೊಗಳಿದವರು ಯಾರೂ ಇಲ್ಲ.

“ಹೇಳ್ಬಿಡಿ ಭಾವ” ಎಂದೆ.

“ಹೇಗೆ ಹೇಳ್ಲಿ? ಎಲ್ಮ್ ಅಲ್ಲ ಅಂದ್ರೆ ನಾಳೇನೇ ಮರ್ಲ್ ಕಡೀತಾನೆ. ಅದು ಹೋದ್ರೆ ಹೋಗ್ಲಿ. ನಿಮ್ಮಪ್ಪ ಮತ್ತೆ ಆ ಕೆಸರು ದಾರೀಲಿ ಹೋಗೋದನ್ನ ನಾನು ನೋಡ್ಲಾರೆ ಕಣೋ.”

ನಾನು ಏಣಿ ಹಿಡಿದೆ. ಭಾವ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹತ್ತಿ, ಎಟುಕಿದಷ್ಟು ಕಾಯಿಗಳನ್ನು ಕಿತ್ತರು. ಹಾಡಹಗಲು. ಊರಿನ ಮರಪಾಲಕ ಊರಿನ ಮರ ಹತ್ತಿದರೆ ಯಾರು ಕೇಳುತ್ತಾರೆ ಎಂದು ಅವರ ಧೈರ್ಯ. ಡೆಲ್ಬರ್ಟ್ ಕೇಳಿದ.

“ಏನ್ ಮಾಡ್ತಿದೀಯಾ ಓರಿನ್?”

“ಪರೀಕ್ಷೆ.”

“ಏನ್ ಪರೀಕ್ಷೆ?”

“ಸುಮ್ನೆ… ರೋಗ ಗೀಗ ಇದ್ಯಾ ಅಂತ.”

ಆ ಮಾತು ಬಾಯಿಂದ ಬಿದ್ದದ್ದೇ ಡೆಲ್ಬರ್ಟ್ ಮಾಯವಾದ. ಅವನು ಅಂಚೆಮನೆ ತಲುಪುವಾಗ ಎಲ್ಮ್‌ಗೆ ರೋಗದ ಅನುಮಾನವಿತ್ತು. ಅಂಚೆಮನೆಯಿಂದ ಕ್ಷೌರದಂಗಡಿಗೆ ಹೋಗುವಾಗ ರೋಗ ಖಚಿತವಾಯಿತು. ಚರ್ಚಿಗೆ ಮುಟ್ಟುವಾಗ ಮರ ಸತ್ತಿತ್ತು, ಮರಪಾಲಕ ಚೀಲದಲ್ಲಿ ಏನೋ ಹೊತ್ತು ಅಳುತ್ತಾ ಹೋದ ಎಂಬಲ್ಲಿಗೆ ಬಂದಿತ್ತು. ಸಂಜೆ ಮರ್ಲ್ ಮನೆಯಿಂದ ಗರಗಸ ಮಸೆಯುವ ಸದ್ದು ಕೇಳಿಸಿತು. ರೋಗದ ಎಲ್ಮನ್ನು ಕಡಿದು ಸುಡಲೇಬೇಕು, ನಿಯಮವೇ ಹಾಗಿದೆ ಎಂದು ಅವನು ಎಲ್ಲರಿಗೂ ದುಃಖದ ಮುಖ ಮಾಡಿಕೊಂಡು ಹೇಳುತ್ತಿದ್ದ. ಹೇಳುವಾಗ ಶಿಳ್ಳೆ ಬೇರೆ ಹಾಕುತ್ತಿದ್ದ.

ಈಗ ನಮ್ಮ ಭಾವನ ಸ್ಥಿತಿ ನೋಡಿ. ಎಲ್ಮ್ ಎಂದರೆ ರೋಗದ ಹೆಸರಲ್ಲಿ ಮರ ಹೋಗುತ್ತದೆ. ಎಲ್ಮ್ ಅಲ್ಲವೆಂದರೆ ರಸ್ತೆಯ ಹೆಸರಲ್ಲಿ ಹೋಗುತ್ತದೆ. ಹಬ್ಬದೂಟವನ್ನು ಸೋಂಕಿನ ಹೆದರಿಕೆಗೆ ಚರ್ಚಿನೊಳಗೆ ಮಾಡಿದರು. ಭಾವ ಎರಡು ತುತ್ತು ತಿಂದು ಎದ್ದರು. ಅಪ್ಪ ಮಾತ್ರ ಪೈ ಎರಡನೆಯ ಸಲ ಹಾಕಿಸಿಕೊಂಡ.

ಊರಿನ ಮರ ಕಡಿಯುವ ಮೊದಲು ಊರವರ ಎದುರು ವಿಚಾರಣೆ ಆಗಬೇಕು. ಸೆಪ್ಟೆಂಬರ್ ಕೊನೆಯ ಶನಿವಾರ ಅದು ಗೊತ್ತಾಯಿತು. ಚರ್ಚಿನ ಬೆಂಚುಗಳನ್ನು ಹೊತ್ತು ತಂದು ಮರದ ಸುತ್ತ ಹಾಕಿದರು. ಸೇಬಿನ ರಸ, ಡೋನಟ್ ಬಂದವು. ಗುಡ್ಡದ ಮೇಪಲ್‌ಗಳೆಲ್ಲ ಕೆಂಪಾಗಿದ್ದವು. ರಾಜಧಾನಿಯಿಂದ ಯುವಕನೊಬ್ಬ, ಸರ್ಕಾರದ ಮರಗಳ ಅಧಿಕಾರಿ, ಚೂರಿ ಚಿಮ್ಮಟಗಳ ಪೆಟ್ಟಿಗೆ ಹಿಡಿದು ಬಂದ. ಅವನು ಕಾರಿನಿಂದ ಇಳಿದು ಮರದ ಕಡೆ ಒಮ್ಮೆ ನೋಡಿದ. ಹುಬ್ಬು ಮೇಲೇರಿತು. ಬಾಯಿ ತೆರೆದ.

“ಒಂದು ನಿಮಿಷ!” ಎಂದು ಕೂಗಿಕೊಂಡು ಭಾವ ಎದ್ದರು. ಮುಂದಿನ ಬೆಂಚಿನಲ್ಲಿ ಅಪ್ಪ ಕೂತಿದ್ದ. ಯಾರೋ ಪರಸ್ಥಳದವನು ಬಂದು ಈ ಮಾತನ್ನು ಮಾವನ ಮುಖಕ್ಕೆ ಹೇಳುವುದನ್ನು ಭಾವನಿಂದ ಸಹಿಸಲಾಗದು. “ನಾನೇ ಹೇಳ್ತೀನಿ. ಇದಕ್ಕೆ ರೋಗ ಇಲ್ಲ. ಯಾಕಂದ್ರೆ ಇದು ಎಲ್ಮ್ ಅಲ್ಲ. ಆವತ್ತು ನಂಗೆ ಗೊತ್ತಿರ್ಲಿಲ್ಲ. ಬೀದಿ ಹೆಸರು ನೋಡಿ ಅಂದ್ಬಿಟ್ಟೆ. ಮಾವ, ತಪ್ಪಾಯ್ತು.”

ಸೇಬಿನ ರಸ ಬಗ್ಗಿಸುತ್ತಿದ್ದ ಲೋರ್ನಾ ಅಕ್ಕನ ಕೈ ಅಲ್ಲೇ ನಿಂತಿತು. ಹಾರ್ಲನ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡ.

“ಹಾಗಾದ್ರೆ ಇದೇನು?”

“ಹ್ಯಾಕ್‌ಬೆರಿ.”

“ಅಂದ್ರೆ?”

“ಎಲ್ಮ್‌ಗೆ… ಸಂಬಂಧಿಕ” ಎಂದರು ಭಾವ. ಅಧಿಕಾರಿ ಹೌದೆಂದು ತಲೆಯಾಡಿಸಿದ. ಭಾವನ ವೃತ್ತಿಜೀವನದಲ್ಲಿ ಆ ಮಾತು ನಿಜವಾದದ್ದು ಅದೊಂದೇ ಸಲ.

ಮರ್ಲ್ ಎದ್ದ. “ಸರಿ ಬಿಡಿ, ವಿಚಾರಣೆ ಮುಗೀತು. ಊರು ಉಳಿಸಿ ಅಂದಿದ್ದು ಎಲ್ಮ್‌ನ. ಇದು ಬೇರೆ ಏನೋ. ಸೋಮವಾರ ಕಡೀತೀನಿ.”

“ಕೂತ್ಕೊಳೋ!” ಎಂದು ಗುಡುಗಿದವನು ಡೆಲ್ಬರ್ಟ್. ಮುಖ ಕೆಂಪಾಗಿತ್ತು. “ನಾನು ಈ ಮರದ ಕೆಳಗೆ ಅತ್ತಿದೀನಿ. ನನ್ನ ಹೆಂಡ್ತಿ ಮುಂದೆ, ಇಡೀ ಊರಿನ ಮುಂದೆ. ಜೀವಮಾನದಲ್ಲಿ ಒಂದೇ ಸಲ ಅತ್ತಿರೋದು. ಅದನ್ನ ತಗೊಂಡ್ಹೋಗಿ ಯಾವುದೋ ಹ್ಯಾಕ್‌ಬೆರಿ ಲೆಕ್ಕಕ್ಕೆ ಹಾಕೋಕೆ ನಾನು ತಯಾರಿಲ್ಲ! ಇದು ಎಲ್ಮೇ ಆಗ್ಬೇಕು.”

ಗುಂಪಿನಲ್ಲಿ ಗೊಣಗು ಎದ್ದಿತು. ಅತ್ತವನು ಡೆಲ್ಬರ್ಟ್ ಒಬ್ಬನೇ ಅಲ್ಲವಲ್ಲ. ಜೋಕಾಲಿಯ ಕಥೆ ಹೇಳಿದವರು, ಕುದುರೆಯ ಕಥೆ ಹೇಳಿದವರು, ಊರಾಚೆಯಿಂದ ನೆಂಟರನ್ನು ಕರೆಸಿ ತೋರಿಸಿದವರು, ಎಲ್ಲರೂ ಅಲ್ಲಿದ್ದರು.

“ಮತಕ್ಕೆ ಹಾಕಿ” ಎಂದರು ಯಾರೋ.

ಅಧಿಕಾರಿಗೆ ತಡೆಯಲಾಗಲಿಲ್ಲ. “ಸ್ವಾಮಿ, ಮರ ಯಾವುದು ಅನ್ನೋದನ್ನ ಮತಕ್ಕೆ ಹಾಕೋಕಾಗಲ್ಲ!”

ಹಾರ್ಲನ್ ಅವನನ್ನು ಕರುಣೆಯಿಂದ ನೋಡಿದ. “ತಮ್ಮಾ, ಈ ಊರಲ್ಲಿ ಕಲ್ಲಿದ್ದಲೇ ಇಲ್ಲ. ಆದ್ರೂ ತೂಗೋನನ್ನ ಪ್ರತಿ ವರ್ಷ ಮತ ಹಾಕಿ ಆರಿಸ್ತೀವಿ. ನಮಗೆ ಹೇಳ್ಕೊಡ್ಬೇಡ. ತಿರುವಿನ ಈ ಮರ ಎಲ್ಮ್ ಅನ್ನೋರು ಹೌದು ಅನ್ನಿ.”

ಯಾರೂ ಅನ್ನಲಿಲ್ಲ. ಎಲ್ಲರ ಕಣ್ಣೂ ಅಪ್ಪನ ಮೇಲಿತ್ತು. ಎಲ್ಮ್ ಎಂದರೇನೆಂದು ಆ ಊರಿನಲ್ಲಿ ಬಲ್ಲವನು ಅವನೊಬ್ಬನೇ. ಅವನು ಇಲ್ಲವೆಂದರೆ ಮುಗಿಯಿತು. ಭಾವ ತಲೆ ತಗ್ಗಿಸಿ ನಿಂತಿದ್ದರು. ಅಪ್ಪ ಟೋಪಿಯನ್ನು ಬೆಂಚಿನ ಮೇಲಿಟ್ಟು ಎದ್ದು, ಮರದ ಬಳಿ ಹೋಗಿ, ಗಂಟುಗಂಟಾದ ತೊಗಟೆಯ ಮೇಲೆ ಅಂಗೈ ಇಟ್ಟ. ಏಪ್ರಿಲ್‌ನಿಂದ ಆವತ್ತಿನವರೆಗೆ ಅಪ್ಪ ಒಮ್ಮೆಯೂ ಆ ಮರವನ್ನು ಎಲ್ಮ್ ಎಂದು ಕರೆದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

“ಎಲ್ಮ್” ಎಂದ ಅಪ್ಪ. “ಹೌದು.”

ಆಮೇಲೆ ಎದ್ದ ಕೂಗಿಗೆ ಡೈರಿಯ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ಇಲ್ಲ ಎಂದವನು ಮರ್ಲ್ ಒಬ್ಬ. ಹಾರ್ಲನ್ ಸುತ್ತಿಗೆ ಕುಟ್ಟಿ, “ಬಹುಮತದಿಂದ ಎಲ್ಮ್” ಎಂದು ಸಾರಿದ. ಎಲ್ಮ್ ಎಂದ ಮೇಲೆ ರೋಗ ಪರೀಕ್ಷೆಯಾಗಬೇಕೆಂದು ಮರ್ಲ್ ಹಟ ಹಿಡಿದ. ಆಗಲಿ ಎಂದರು. ಅಧಿಕಾರಿ ಬೆವರುತ್ತಾ ಒಂದು ರೆಂಬೆ ಸೀಳಿ ನೋಡಿ, ತಾನು ಸುಳ್ಳು ಹೇಳುತ್ತಿಲ್ಲವೆಂದು ಎರಡೆರಡು ಸಲ ಯೋಚಿಸಿ, “ಈ ಮರಕ್ಕೆ ಎಲ್ಮ್ ರೋಗ ಇಲ್ಲ” ಎಂದ.

“ನೋಡಿದ್ರಾ? ಗಟ್ಟಿಮುಟ್ಟಾದ ಎಲ್ಮ್!” ಎಂದ ಡೆಲ್ಬರ್ಟ್, ಮತ್ತು ಎಲ್ಲರಿಗೂ ತನ್ನ ಖರ್ಚಿನಲ್ಲಿ ಇನ್ನೊಂದು ಸುತ್ತು ಡೋನಟ್ ತರಿಸಿದ. ಆ ದಿನ ಸ್ಟಿಲ್‌ಫೋರ್ಡಿನಲ್ಲಿ ನಡೆದ ಪವಾಡ ಅದೇ ಎಂದು ಈಗಲೂ ವಾದಿಸುವವರಿದ್ದಾರೆ.

ಅದಾಗಿ ಬಹಳ ವರ್ಷಗಳಾದವು. ಪ್ರತಿ ಮಾರ್ಚ್ ಸಭೆಯಲ್ಲಿ, ಕಲ್ಲಿದ್ದಲು ತೂಗುವವನ ಆಯ್ಕೆಯ ನಂತರ, ತಿರುವಿನ ಮರ ಎಲ್ಮ್ ಎಂದು ಊರು ಹೌದು ಹೇಳುತ್ತದೆ. ಭಾವ ಬದುಕಿರುವ ತನಕ ಅವರೇ ಮರಪಾಲಕರಾಗಿದ್ದರು. ಈಗ ನಾನು. ಅಪ್ಪನೂ ಇಲ್ಲ, ಭಾವನೂ ಇಲ್ಲ. ಆ ಹೌದು ಕೇಳಿದಾಗಲೆಲ್ಲ ನನಗೆ ಇಬ್ಬರೂ ಬೇಕೆನಿಸುತ್ತದೆ.

ವಿಚಾರಣೆಯ ಆ ಸಂಜೆ, ಬೆಂಚುಗಳನ್ನೆಲ್ಲ ಚರ್ಚಿಗೆ ಸಾಗಿಸಿದ ಮೇಲೆ, ನಾವು ಮೂವರೇ ಮರದ ಕೆಳಗೆ ಉಳಿದಿದ್ದೆವು. ಭಾವ ಮೆಲ್ಲಗೆ ಕೇಳಿದರು. “ಮಾವ, ನಿಮಗೆ ಯಾವಾಗ ಗೊತ್ತಾಯ್ತು?”

“ಚಿಕ್ಕ ಹುಡುಗ ಆಗಿದ್ದಾಗಲೇ” ಎಂದ ಅಪ್ಪ. “ಡೈರಿಗೆ ಹಾಲು ಹಾಕೋಕೆ ಬಂದು ಇದರ ಹಣ್ಣು ತಿಂದು ಹೋಗ್ತಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅಪ್ಪ ಬೀದಿಯ ಉದ್ದಕ್ಕೂ ನೋಡಿದ. ಎರಡೂ ಬದಿ ಖಾಲಿ, ಕಿಟಕಿಗಳಲ್ಲಿ ಪರದೆ. “ನಾನು ಗುರುತು ಹಾಕಿದ್ದು ಒಂದೊಂದೂ ಎಲ್ಮೇ. ಎಲೆ ನೋಡಿ, ತೊಗಟೆ ನೋಡಿ, ಒಂದರಲ್ಲೂ ತಪ್ಪು ಮಾಡ್ಲಿಲ್ಲ. ಅಷ್ಟು ಸರಿಯಾಗಿ ಗುರುತು ಹಿಡಿದು ಏನ್ ಬಂತಯ್ಯಾ? ನೀನು ಒಂದು ತಪ್ಪು ಮಾಡ್ದೆ, ಊರಿಗೆ ಮರ ಸಿಕ್ತು.”

ಏಣಿಗೆ ಎಟುಕದೆ ಉಳಿದಿದ್ದ ಕೊಂಬೆಯೊಂದು ಹಣ್ಣಿನ ಭಾರಕ್ಕೆ ಬಾಗಿತ್ತು. ಅಪ್ಪ ಊರುಗೋಲಿನಿಂದ ಅದನ್ನು ಎಳೆದು, ನೇರಳೆ ಬಣ್ಣಕ್ಕೆ ತಿರುಗಿದ್ದ ಹಣ್ಣುಗಳನ್ನು ಕಿತ್ತು, ಒಂದು ತನ್ನ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಭಾವನ ಅಂಗೈಗೆ ಸುರಿದ.

“ತಿನ್ನು. ಎಲ್ಮ್ ಹಣ್ಣು” ಎಂದ. “ಸಿಹಿ ಇದೆ. ಉಪ್ಪು ಬೇಡ.”